ಎರಡನೇ ಪುಟದ ರಾಜಿ

ಕಥೆಯೊಳಗಿನ ರಾಜರಿಗೆ ಒಂದು ಕಾಯಿಲೆ ಇರುತ್ತದೆ. ಬೇಟೆಗೆಂದು ಹೋದವರು ದಾರಿಯಲ್ಲಿ ಸಿಕ್ಕ ಯಾರಿಗೋ ಏನೋ ಒಂದು ಮಾತು ಕೊಟ್ಟು ಬಂದುಬಿಡುತ್ತಾರೆ. ಏನು ಕೊಟ್ಟೆವು ಎನ್ನುವುದು ಅರಮನೆಗೆ ಬಂದು ಕಾಲು ತೊಳೆದ ಮೇಲೆ ಗೊತ್ತಾಗುತ್ತದೆ. ಆಮೇಲೆ ಅಳುತ್ತ ಅಳುತ್ತ ಮಗಳನ್ನು ಆಮೆಗೆ ಕೊಟ್ಟು ಮದುವೆ ಮಾಡುತ್ತಾರೆ. ನಮ್ಮ ಅಜ್ಜಿ ಇಂಥ ರಾಜರನ್ನು ಉಣಿಸಿಯೇ ನನ್ನನ್ನು ಬೆಳೆಸಿದವಳು. "ಅವನು ಯಾಕಜ್ಜಿ ಮೊದಲೇ ಸರಿಯಾಗಿ ಕೇಳಿಕೊಳ್ಳಲಿಲ್ಲ?" ಅಂದರೆ, "ಕೇಳ್ಕೊಂಡಿದ್ರೆ ಕಥೆ ಎಲ್ಲಿಂದ ಬರ್ತಿತ್ತೇ, ಮಂಕೇ?" ಅನ್ನುತ್ತಿದ್ದಳು.

ಅಂಥದೊಬ್ಬ ರಾಜ ತನ್ನ ಹೊಟ್ಟೆಯಲ್ಲೇ ಹುಟ್ಟಿದ್ದಾನೆ ಎಂದು ಪಾಪ ಅವಳಿಗೂ ಗೊತ್ತಿರಲಿಲ್ಲ.

ನಮ್ಮ ಚಿಕ್ಕಪ್ಪನಿಗೆ ಕೋರ್ಟಿನ ಎದುರು ಒಂದು ಜೆರಾಕ್ಸ್ ಅಂಗಡಿ. ಹತ್ತೊಂಬತ್ತು ವರ್ಷ ಆ ಯಂತ್ರದ ಮುಚ್ಚಳ ಎತ್ತಿ ಇಳಿಸಿ ಎತ್ತಿ ಇಳಿಸಿ ಅವನಿಗೆ ಒಂದು ನಂಬಿಕೆ ಬೇರೂರಿತ್ತು: ಈ ಊರಿನ ಕಾನೂನೆಲ್ಲ ತನ್ನ ಕೈಯ ಕೆಳಗೇ ಹಾದು ಹೋಗಿದೆ, ಆದ್ದರಿಂದ ಅದರಲ್ಲಿ ಒಂದಿಷ್ಟು ತನಗೂ ಅಂಟಿಕೊಂಡಿದೆ. ಮಸಿ ಅಂಟಿಕೊಂಡಿದ್ದು ನಿಜ. ಉಳಿದದ್ದರ ಬಗ್ಗೆ ಭಿನ್ನಾಭಿಪ್ರಾಯಗಳಿದ್ದವು. ಬೀದಿಯವರು ಅವನನ್ನು 'ಅರ್ಧ ಲಾಯರು' ಎಂದು ಕರೆಯುತ್ತಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ. "ಉಳಿದರ್ಧ ಏನು ಅಂತ ಅವರನ್ನ ಯಾವತ್ತಾದ್ರೂ ಕೇಳಿದ್ದೀರಾ?" ಎಂದು ಚಿಕ್ಕಮ್ಮ ಕೇಳುತ್ತಿದ್ದಳು.

ನಾವಿದ್ದದ್ದು ಒಂದು ಎರಡಂತಸ್ತಿನ ಮನೆಯ ಕೆಳಭಾಗದಲ್ಲಿ: ಚಿಕ್ಕಪ್ಪ, ಚಿಕ್ಕಮ್ಮ, ಅಜ್ಜಿ, ನಾನು. ಮೇಲೆ ಮನೆಯ ಯಜಮಾನರು ಒಬ್ಬರೇ ಇದ್ದರು. ಸರ್ವೆ ಕಚೇರಿಯಲ್ಲಿ ಮೂವತ್ತಾರು ವರ್ಷ ನೆಲ ಅಳೆದು ನಿವೃತ್ತರಾದವರು. ನೆಲ ಮುಗಿದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುತ್ತಿದ್ದರು. ಹಾಗಾಗಿ ಎಲ್ಲರಿಗೂ ಅವರು ಅಳತೆ ಸಾಹೇಬರು. ಅವರಿಗೆ ಮಂಡಿ ನೋವು. "ಹದಿನೇಳು ಮೆಟ್ಟಿಲು. ಒಂದೊಂದು ಏಳೂವರೆ ಅಂಗುಲ. ದಿನಕ್ಕೆ ನಾಲ್ಕು ಸಲ. ತಿಂಗಳಿಗೆ ಒಂದು ಗುಡ್ಡ ಹತ್ತುತಾ ಇದ್ದೀನಿ, ಸ್ವಾಮಿ, ನನ್ನ ಮನೇಲೇ!" ಎಂದು ಕೋರ್ಟಿನಲ್ಲಿ ಹೇಳಿ, ಕೆಳಗಿನ ಮನೆ ತನಗೆ ಬೇಕು, ಬಾಡಿಗೆದಾರರನ್ನು ಖಾಲಿ ಮಾಡಿಸಿ ಎಂದು ಕೇಸು ಹಾಕಿದ್ದರು.

ಚಿಕ್ಕಪ್ಪ ಹೆದರಲಿಲ್ಲ. "ಇಂಥ ಕೇಸು ನಾನು ಸಾವಿರ ಜೆರಾಕ್ಸ್ ಮಾಡಿದ್ದೀನಿ" ಅಂದ.

"ಗೆದ್ದಿದ್ದು ಎಷ್ಟು?" ಎಂದು ಅಜ್ಜಿ ಕೇಳಿದಳು.

ಒಂದೂವರೆ ವರ್ಷ ಎಳೆದಾಡಿದ ಮೇಲೆ ಜಡ್ಜರು ಇಬ್ಬರನ್ನೂ ಕೂರಿಸಿ, ರಾಜಿ ಮಾಡಿಕೊಳ್ಳಿ ಎಂದರು. ರಾಜಿಯಾಯಿತು. ತೊಂಬತ್ತು ದಿನದೊಳಗೆ ನಾವು ಮನೆ ಬಿಡಬೇಕು, ಗೋಡೆಗೆ ಸುಣ್ಣ ಹೊಡೆಸಿ ನಲ್ಲಿ ಸರಿಮಾಡಿಸಿ ಬೀಗದ ಕೈ ಕೊಡಬೇಕು. ಲಾಯರಮ್ಮ ಒಬ್ಬರು ರಾಜಿ ಪತ್ರವನ್ನು ಮೂರು ಪುಟಕ್ಕೆ ಟೈಪು ಮಾಡಿದರು. ಮೊದಲ ಪುಟದಲ್ಲಿ ಯಾರು ಯಾರು, ಜಗಳ ಏನು. ಎರಡನೇ ಪುಟದಲ್ಲಿ ನಾಲ್ಕರಿಂದ ಎಂಟರವರೆಗೆ ಷರತ್ತುಗಳು. ಮೂರನೇ ಪುಟದಲ್ಲಿ, ಇವನ್ನು ಯಾರಾದರೂ ಮೀರಿದರೆ ಇನ್ನೊಬ್ಬರು ಕೋರ್ಟಿನಿಂದಲೇ ಜಾರಿ ಮಾಡಿಸಬಹುದು ಎಂಬ ಬೆದರಿಕೆ. ಯಜಮಾನರು ಒಂದನೇ ಪಾರ್ಟಿ. ಚಿಕ್ಕಪ್ಪ ಎರಡನೇ ಪಾರ್ಟಿ.

"ಪ್ರತಿಗಳನ್ನ ನಾನೇ ತೆಗೀತೀನಿ. ನನ್ನ ಕೇಸಿನ ಕಾಗದ ಬೇರೆಯವರ ಅಂಗಡೀಲಿ ತೆಗೆಸಿದ್ರೆ ನನ್ನ ಮಾನ ಏನಾಗ್ಬೇಕು?" ಎಂದು ಚಿಕ್ಕಪ್ಪ ಪತ್ರವನ್ನು ಕಸಿದುಕೊಂಡು ರಸ್ತೆ ದಾಟಿದ.

ಲಾಯರಮ್ಮ ಆ ದಿನ ಬೆಳಿಗ್ಗೆಯೇ ಇನ್ನೊಂದು ರಾಜಿ ಪತ್ರವನ್ನೂ ಅದೇ ಕಂಪ್ಯೂಟರಿನಲ್ಲಿ ಟೈಪು ಮಾಡಿ ಅದೇ ಅಂಗಡಿಗೆ ಕಳಿಸಿದ್ದರು. ಅದೂ ಮೂರು ಪುಟ. ಅಲ್ಲೂ ಒಂದನೇ ಪಾರ್ಟಿ, ಎರಡನೇ ಪಾರ್ಟಿ. ಅಲ್ಲೂ ಎರಡನೇ ಪುಟದಲ್ಲಿ ನಾಲ್ಕರಿಂದ ಎಂಟು. ಎರಡೂ ಕಟ್ಟುಗಳು ಮೇಜಿನ ಮೇಲೆ ಅಕ್ಕಪಕ್ಕ ಮಲಗಿದ್ದವು. ಚಿಕ್ಕಪ್ಪ ಸೆಕೆ ಎಂದು ಫ್ಯಾನು ಹಾಕಿದ.

ಏಳು ಸಮುದ್ರದಾಚೆಯ ರಾಕ್ಷಸರು ಕೂಡ ಒಂದು ರಾಜ್ಯವನ್ನು ಬುಡಮೇಲು ಮಾಡಲು ಇದಕ್ಕಿಂತ ಹೆಚ್ಚು ಕಷ್ಟಪಡುತ್ತಾರೆ.

ಹಾರಿದ ಹಾಳೆಗಳನ್ನೆಲ್ಲ ಚಿಕ್ಕಪ್ಪ ಹಿಡಿದ, ಜೋಡಿಸಿದ, ಒಂದು ಎರಡು ಮೂರು ಎಂದು ಪುಟದ ನಂಬರು ನೋಡಿ ಪಿನ್ನು ಹೊಡೆದ. ನಂಬರು ಸರಿಯಾಗಿಯೇ ಇತ್ತು. ಹತ್ತೊಂಬತ್ತು ವರ್ಷದಲ್ಲಿ ಅವನು ಪುಟದ ನಂಬರು ಬಿಟ್ಟು ಬೇರೇನೂ ಓದಿದವನಲ್ಲ.

ಕೋರ್ಟಿನಲ್ಲಿ ಅವತ್ತು ನಲವತ್ತು ರಾಜಿಗಳಿದ್ದವು. ಜಡ್ಜರು ಕೇಳಿದರು: "ಇಬ್ಬರೂ ಓದಿದ್ದೀರಾ?"

ಅಳತೆ ಸಾಹೇಬರು ಹಾಳೆಯ ಅಂಚನ್ನು ಎಡಗೈಲಿ ಹಿಡಿದು, ಷರತ್ತುಗಳನ್ನು ಬಲಗೈಲಿ ಎಣಿಸಿ, "ಹನ್ನೊಂದಿದೆ. ಸರಿಯಾಗಿದೆ" ಎಂದರು.

"ನೀವು?"

"ನನ್ನನ್ನ ಕೇಳ್ತೀರಾ ಸ್ವಾಮಿ?" ಎಂದು ಚಿಕ್ಕಪ್ಪ ನಕ್ಕ. "ನಾನು ಓದದೇ ಇರೋ ರಾಜಿ ಪತ್ರ ಈ ಊರಲ್ಲೇ ಇಲ್ಲ."

ಪುಟಪುಟಕ್ಕೂ ಸಹಿ ಬಿತ್ತು. ಮೊಹರು ಬಿತ್ತು. ರಾಜಿ ಡಿಕ್ರಿಯಾಯಿತು. ಅಂದರೆ ಇನ್ನು ಅದು ಇಬ್ಬರ ಮಾತಲ್ಲ, ಕೋರ್ಟಿನ ಮಾತು.

ತೊಂಬತ್ತು ದಿನದಲ್ಲಿ ಚಿಕ್ಕಪ್ಪ ಎಂಬತ್ತೆಂಟು ದಿನ ಮನೆ ಹುಡುಕುವುದರ ಬಗ್ಗೆ ಮಾತಾಡಿದ. ಎಂಬತ್ತೊಂಬತ್ತನೇ ದಿನ ಚಿಕ್ಕಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. "ಎಲ್ಲಿಗೆ ಹೋಗ್ತೀವಿ ಅಂತಾದ್ರೂ ಹೇಳ್ರೀ. ಗಾಡಿಯವನು ಕೇಳಿದ್ರೆ ಏನು ಹೇಳ್ಲಿ, 'ಮುಂದೆ ನಡಿ' ಅಂತಾನಾ?" ಅಂದಳು. ಅಜ್ಜಿ ಮಾತ್ರ ತನ್ನ ಮಂಚದಿಂದ ಇಳಿಯಲಿಲ್ಲ. ಈ ಮನೆ ಹೋದರೆ ನಮಗೆ ತಲೆಯ ಮೇಲೆ ಇರುವುದು ಚಿಕ್ಕಪ್ಪನ ಅಂಗಡಿಯ ತಗಡು ಒಂದೇ. ಅದರ ಕೆಳಗೆ ಯಂತ್ರ ನಿಲ್ಲಿಸಿದ ಮೇಲೆ ಒಬ್ಬರು ಬಾಗಿ ನಿಲ್ಲುವಷ್ಟು ಜಾಗ ಇತ್ತು.

ತೊಂಬತ್ತೊಂದನೇ ದಿನ ಸಂಜೆ ಕೋರ್ಟಿನ ಅಮೀನ ಬಂದ. ಡಿಕ್ರಿಗಳನ್ನು ಜಾರಿ ಮಾಡುವುದು ಅವನ ಕೆಲಸ. ಒಣಗಿದ ಮನುಷ್ಯ, ಕಂಕುಳಲ್ಲಿ ಚರ್ಮದ ಚೀಲ. ಹಿಂದೆ ಅಳತೆ ಸಾಹೇಬರು ಮಂಡಿಗೆ ಪಟ್ಟಿ ಕಟ್ಟಿಕೊಂಡು, ಟೇಪು ಹಿಡಿದುಕೊಂಡು, ವಿಜಯೀ ಸೇನಾಪತಿಯಂತೆ ನಿಂತಿದ್ದರು. ಎದುರುಮನೆಯ ನರ್ಸಮ್ಮ ಡ್ಯೂಟಿಗೆ ಹೊರಟವರು ಗೇಟಿನಲ್ಲೇ ನಿಂತರು. ಅವರ ಹಿಂದೆ ಬೀದಿಯೇ ನಿಂತಿತು.

"ಒಂದನೇ ಪಾರ್ಟಿಯವರು ಅರ್ಜಿ ಹಾಕಿದ್ದಾರೆ" ಎಂದ ಅಮೀನ. "ರಾಜಿ ಪತ್ರದ ಎಲ್ಲಾ ಷರತ್ತುಗಳನ್ನೂ ಅಕ್ಷರಕ್ಕೆ ಅಕ್ಷರ ಜಾರಿ ಮಾಡಿಸಿಕೊಡಿ ಅಂತ. ಓದ್ತೀನಿ, ಕೇಳಿ."

"ಜೋರಾಗಿ ಓದಪ್ಪಾ" ಎಂದರು ಅಳತೆ ಸಾಹೇಬರು. "ಎಲ್ಲರೂ ಕೇಳಲಿ."

ಅಮೀನ ಪುಟ ತಿರುವಿದ. "ಷರತ್ತು ನಾಲ್ಕು. ಉಭಯ ಪಾರ್ಟಿಯವರು ಹಳೆಯ ಕಹಿಯನ್ನು ಮರೆತು ಇನ್ನು ಮುಂದೆ ಒಂದೇ ಸೂರಿನಡಿ ಅನ್ಯೋನ್ಯವಾಗಿ ಬಾಳತಕ್ಕದ್ದು."

ಬೀದಿ ಒಂದು ಹೆಜ್ಜೆ ಮುಂದೆ ಬಂತು.

"ಏನಂದ್ರಿ?" ಅಂದರು ಸಾಹೇಬರು.

"ಷರತ್ತು ಐದು. ಎರಡನೇ ಪಾರ್ಟಿಯವರು ಪ್ರತಿದಿನ ಸಂಜೆ ಏಳರೊಳಗೆ ಮನೆಗೆ ಬಂದು, ಒಂದನೇ ಪಾರ್ಟಿಯವರ ಜೊತೆ ಅರ್ಧ ಗಂಟೆ ಕೂತು, ದಿನ ಹೇಗಿತ್ತು ಎಂದು ವಿಚಾರಿಸತಕ್ಕದ್ದು. ಆ ಹೊತ್ತಿನಲ್ಲಿ ಪೇಪರು ನೋಡತಕ್ಕದ್ದಲ್ಲ. ಷರತ್ತು ಆರು. ಒಂದನೇ ಪಾರ್ಟಿಯವರು ಎರಡನೇ ಪಾರ್ಟಿಯವರ ತಾಯಿಯನ್ನು ಹೆತ್ತ ತಾಯಿಯಂತೆ ಕಾಣತಕ್ಕದ್ದು, ಎದುರು ಮಾತಾಡತಕ್ಕದ್ದಲ್ಲ. ಏಳು. ಪ್ರತಿ ಭಾನುವಾರ ಎರಡನೇ ಪಾರ್ಟಿಯವರು ಒಂದನೇ ಪಾರ್ಟಿಯವರನ್ನು ಅವರಿಗೆ ಇಷ್ಟವಾದ ಜಾಗಕ್ಕೆ ಸುತ್ತಾಡಿಸಿಕೊಂಡು ಬರತಕ್ಕದ್ದು. ಎಂಟು. ಒಬ್ಬರ ಅಡುಗೆಯನ್ನು ಇನ್ನೊಬ್ಬರು ಹೀಗಳೆಯತಕ್ಕದ್ದಲ್ಲ."

ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಹಿಂದಿನಿಂದ ಯಾರೋ, "ಜೋಡಿ ಚೆನ್ನಾಗಿದೆ" ಎಂದರು.

"ಇದು ನನ್ನ ಕಾಗದವೇ ಅಲ್ಲ!" ಎಂದು ಸಾಹೇಬರು ಕಿರುಚಿದರು.

ಅಮೀನ ಪುಟವನ್ನು ಅವರ ಮೂಗಿನ ಹತ್ತಿರ ಹಿಡಿದ. "ಸಹಿ ಯಾರದ್ದು?"

"ನನ್ನದೇ. ಆದ್ರೆ..."

"ಮೊಹರು ಯಾರದ್ದು?"

"ಕೋರ್ಟಿಂದು. ಆದ್ರೆ ಮನೆ ಖಾಲಿ ಮಾಡೋದು ಎಲ್ಲಿದೆ?"

"ನೀವೇ ಹುಡುಕಿ ಹೇಳಿ. ನಾನು ಕಾಗದದಲ್ಲಿ ಇದ್ದಿದ್ದನ್ನ ಜಾರಿ ಮಾಡೋನು, ಇಲ್ದಿದ್ದನ್ನಲ್ಲ." ಅಮೀನ ಕೈಗಡಿಯಾರ ನೋಡಿದ. "ಏಳಕ್ಕೆ ಐದು ನಿಮಿಷ ಇದೆ. ಬಂದಿದ್ದೀನಿ, ಏನೂ ಜಾರಿ ಆಗ್ಲಿಲ್ಲ ಅಂತ ವರದಿ ಬರೆಯೋಕಾಗಲ್ಲ. ಎರಡು ಕುರ್ಚಿ ಹಾಕ್ಸಿ."

ಅಲ್ಲಿಯವರೆಗೆ ಬಾಯಿ ತೆರೆದು ನಿಂತಿದ್ದ ಚಿಕ್ಕಪ್ಪನಿಗೆ ಆಗ ಜ್ಞಾನೋದಯವಾಯಿತು. ಈ ಪುಟ ಎಲ್ಲಿಂದ ಬಂತು ಎಂದಲ್ಲ. ಒಂದೇ ಸೂರು ಅಂದರೆ ಈ ಸೂರೇ ಎಂದು. ಅವನು ಓಡಿಹೋಗಿ ತಾನೇ ಎರಡು ಕುರ್ಚಿ ತಂದು ವರಾಂಡದಲ್ಲಿ ಹಾಕಿದ.

"ಕೂತ್ಕೊಳ್ಳಿ, ಸಾಹೇಬ್ರೇ. ಡಿಕ್ರಿ ಅಂದ್ರೆ ಡಿಕ್ರಿ."

ಸಾಹೇಬರು ಕೂತರು. ಕೂತದ್ದು ಕುರ್ಚಿಯ ತುದಿಯ ಎರಡು ಅಂಗುಲದ ಮೇಲೆ.

"ಕೇಳಿ" ಎಂದ ಅಮೀನ ಚಿಕ್ಕಪ್ಪನಿಗೆ.

"ದಿನ ಹೇಗಿತ್ತು, ಸಾಹೇಬ್ರೇ?"

"ಹಾಳಾಗಿಹೋಯ್ತು!"

"ಯಾಕೆ, ಏನಾಯ್ತು?" ಎಂದು ಚಿಕ್ಕಪ್ಪ ಬಹಳ ಮುತುವರ್ಜಿಯಿಂದ ಕೇಳಿದ.

ಸಾಹೇಬರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅಮೀನ ಚೀಲದಿಂದ ಕಾಗದ ತೆಗೆದು ಬರೆದುಕೊಂಡ: "ಷರತ್ತು ಐದು, ಏಳು ಗಂಟೆಯಿಂದ ಏಳೂವರೆಯವರೆಗೆ ನನ್ನ ಸಮಕ್ಷಮ ಜಾರಿಯಾಯಿತು. ವಿಚಾರಣೆ ತೃಪ್ತಿಕರ. ಉತ್ತರ ಒರಟು."

ಆ ಸಂಜೆ ಅಜ್ಜಿ ಒಂದು ಮಾತು ಕೇಳಿದಳು: "ಅಲ್ಲ ಕಣೋ, ಯಾರದೋ ಸಂಸಾರದ ಪುಟ ನಮ್ಮನೆಗೆ ಬಂದಿದೆ. ಹಾಗಾದ್ರೆ ನಮ್ಮ ಪುಟ ಯಾರ ಮನೇಲಿ ಸಂಸಾರ ಮಾಡ್ತಾ ಇದೆಯೋ?"

"ಅದು ಕಾನೂನಿನ ಪ್ರಶ್ನೆ ಅಲ್ಲಮ್ಮಾ" ಅಂದ ಅರ್ಧ ಲಾಯರು.

ಮರುದಿನವೇ ಸಾಹೇಬರು ಕೋರ್ಟಿಗೆ ಓಡಿದರು. ಮಂಡಿ ನೋವಿನ ಮನುಷ್ಯ ಓಡಿದ್ದನ್ನು ಬೀದಿ ಬಹಳ ದಿನ ನೆನಪಿಟ್ಟುಕೊಂಡಿತು. ಪುಟ ಅದಲುಬದಲಾಗಿದೆ, ಸರಿಯಾದದ್ದು ಲಾಯರಮ್ಮನ ಕಂಪ್ಯೂಟರಿನಲ್ಲಿದೆ ಎಂದು ಗೋಳಾಡಿದರು.

"ಕಂಪ್ಯೂಟರು ಸಹಿ ಹಾಕಿಲ್ಲ. ನೀವು ಹಾಕಿದ್ದೀರಿ" ಎಂದರು ಜಡ್ಜರು. "ಓದಿದ್ದೀರಾ ಅಂತ ಕೇಳಿದೆ. ಹನ್ನೊಂದಿದೆ ಅಂದ್ರಿ. ಸಾಲದ್ದಕ್ಕೆ ಅಕ್ಷರಕ್ಕೆ ಅಕ್ಷರ ಜಾರಿ ಮಾಡಿಸಿ ಅಂತ ನೀವೇ ಅರ್ಜಿ ಹಾಕಿದ್ದೀರಿ. ರಾಜಿ ಡಿಕ್ರಿಯನ್ನ ಒಬ್ಬರಿಗೆ ಬೇಜಾರಾಯ್ತು ಅಂತ ಬದಲಾಯಿಸೋಕಾಗಲ್ಲ. ಇದು ತಪ್ಪಾಗಿ ಸೇರಿದ ಪುಟ ಅಂತ ಇಬ್ಬರೂ ಒಪ್ಪಿದ್ರೆ ತಿದ್ದಬಹುದು. ಎರಡನೇ ಪಾರ್ಟಿ ಏನಂತೀರಿ?"

ಚಿಕ್ಕಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. "ನಾನು ಯೋಚನೆ ಮಾಡಿಯೇ ಸಹಿ ಹಾಕಿದ್ದು, ಸ್ವಾಮಿ. ಸಾಹೇಬರ ದಿನ ಹೇಗಿತ್ತು ಅಂತ ತಿಳ್ಕೋಬೇಕು ಅಂತ ನನಗೆ ಮೊದಲಿಂದಲೂ ಆಸೆ."

ಅಲ್ಲಿಗೆ ಯುದ್ಧ ಶುರುವಾಯಿತು. ಆಯುಧಗಳು ಐದೇ: ನಾಲ್ಕರಿಂದ ಎಂಟು.

ಮೊದಲು ಆಯುಧ ಎತ್ತಿದವಳು ಅಜ್ಜಿ. ಸಾಹೇಬರು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಸಾಕು, ಕಿಟಕಿಯಿಂದ ಕರೆಯುತ್ತಿದ್ದಳು: "ಏ ಮಗಾ, ಈ ಸೂಜಿಗೆ ಸ್ವಲ್ಪ ದಾರ ಪೋಣಿಸಿಕೊಡು ಬಾ."

"ನನಗೆ ಅರವತ್ತಾರು ವರ್ಷ, ಅಮ್ಮಾ!"

"ಹೆತ್ತವಳಿಗೆ ಮಕ್ಕಳು ಯಾವತ್ತಿದ್ರೂ ಮಕ್ಕಳೇ."

"ನಿಮಗೆ ಎಪ್ಪತ್ತನಾಲ್ಕು! ಎಂಟು ವರ್ಷಕ್ಕೆ ಹೆತ್ರಾ ನನ್ನ?"

"ಎದುರು ಮಾತಾಡ್ತಾ ಇದ್ದಾನೆ, ಬರ್ಕೊಳ್ಳೋ!" ಎಂದು ಅಜ್ಜಿ ಒಳಗೆ ಕೂಗುತ್ತಿದ್ದಳು. ಚಿಕ್ಕಪ್ಪ ಹಳೆಯ ರದ್ದಿ ಪ್ರತಿಯ ಹಿಂಬದಿಯಲ್ಲಿ ತಾರೀಕು ಹಾಕಿ ಬರೆದುಕೊಳ್ಳುತ್ತಿದ್ದ. ಸಾಹೇಬರು ದಾರ ಪೋಣಿಸುತ್ತಿದ್ದರು. ಪೋಣಿಸಿದ ಮೇಲೆ ದಾರ ಎಷ್ಟು ಅಂಗುಲ ಬೇಕು ಎಂದು ಕೇಳುತ್ತಿದ್ದರು. ಅದು ರಕ್ತದಲ್ಲಿ ಬಂದದ್ದು, ಸಿಟ್ಟಿನಲ್ಲೂ ಹೋಗುವುದಿಲ್ಲ.

ಸಂಜೆಯ ಅರ್ಧ ಗಂಟೆಯನ್ನು ತುಂಬುವುದು ಕಷ್ಟವಾಗುತ್ತಿತ್ತು. ದಿನ ಹೇಗಿತ್ತು, ಹಾಳಾಗಿತ್ತು, ಇಷ್ಟಕ್ಕೆ ಅರ್ಧ ನಿಮಿಷ. ಉಳಿದ ಇಪ್ಪತ್ತೊಂಬತ್ತೂವರೆ ನಿಮಿಷ ಇಬ್ಬರೂ ಗೇಟು ನೋಡುತ್ತ ಕೂರುತ್ತಿದ್ದರು. ಅದನ್ನು ತಡೆಯಲಾರದೆ ಅಜ್ಜಿ ಒಳಗಿನಿಂದ ಕಥೆ ಶುರು ಮಾಡುತ್ತಿದ್ದಳು.

"ಒಬ್ಬ ರಾಜ ಏಳು ಸುತ್ತಿನ ಕೋಟೆ ಕಟ್ಟಿಸಿದ..."

"ಹೊರಗಿನ ಸುತ್ತು ಎಷ್ಟು ಉದ್ದ?" ಎಂದು ಸಾಹೇಬರು ತಲೆ ಎತ್ತಿದರು.

"ಕುದುರೆ ಒಂದು ದಿನ ಓಡೋಷ್ಟು."

"ಯಾವ ಕುದುರೆ? ನಡಿಗೆಯದ್ದೋ ಓಟದ್ದೋ? ಒಳಗೆ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಮಧ್ಯ ಎಷ್ಟು ಅಡಿ ಬಿಟ್ಟಿದ್ದ?"

"ಅಯ್ಯೋ ನಿನ್ನ! ಕೋಟೆಯೊಳಗೆ ರಾಜಕುಮಾರಿ ಅಳ್ತಾ ಕೂತಿದ್ದಾಳೆ ಕಣೋ!"

"ಅಳಲಿ. ಅವಳ ಕೋಣೆ ಎಷ್ಟಕ್ಕೆ ಎಷ್ಟು?"

ಹೀಗೆ ರಾಜಕುಮಾರಿ ಹನ್ನೆರಡು ಸಂಜೆ ಅತ್ತಳು. ಸಾಹೇಬರು ಕೋಟೆಯ ನಕ್ಷೆ ಬರೆದು ತಂದು, ಅಜ್ಜಿ ಹೇಳುವ ಪ್ರಕಾರ ಕಟ್ಟಿದರೆ ಐದನೇ ಸುತ್ತು ಆರನೇ ಸುತ್ತಿನ ಹೊರಗೆ ಬರುತ್ತದೆ ಎಂದು ಸಾಧಿಸಿ ತೋರಿಸಿದರು. ಅಜ್ಜಿ ಎರಡು ದಿನ ಮಾತು ಬಿಟ್ಟಳು.

ಆದರೆ ಸಾಹೇಬರ ಕೈಯಲ್ಲೂ ಒಂದು ಆಯುಧ ಇತ್ತು. ಅದನ್ನು ಅವರು ಮೊದಲ ಭಾನುವಾರ ಹೊರತೆಗೆದರು.

"ಏಳನೇ ಷರತ್ತು" ಎಂದರು ಬೆಳಿಗ್ಗೆ ಎಂಟಕ್ಕೇ ಬಾಗಿಲು ತಟ್ಟಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. "ನನಗೆ ಇಷ್ಟವಾದ ಜಾಗಕ್ಕೆ ಸುತ್ತಾಡಿಸಬೇಕು."

"ಪಾರ್ಕಿಗೆ ಹೋಗೋಣ್ವಾ?"

"ನನಗೆ ಬಾಡಿಗೆಗೆ ಖಾಲಿ ಇರೋ ಮನೆ ನೋಡೋದು ಅಂದ್ರೆ ಬಹಳ ಇಷ್ಟ."

ಚಿಕ್ಕಪ್ಪನ ಸ್ಕೂಟರಿನ ಹಿಂದೆ ಮಂಡಿ ಅಗಲಿಸಿ ಕೂತು, ಕೈಯಲ್ಲಿ ಟೇಪು ಹಿಡಿದು, ಅವರು ಊರಿನಲ್ಲಿ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ಎಲ್ಲಿದ್ದರೂ ಬಿಡಲಿಲ್ಲ. ಒಳಗೆ ಹೋಗಿ ಅಳೆಯುತ್ತಿದ್ದರು. "ಅಡುಗೆಮನೆ ಎಂಟಕ್ಕೆ ಒಂಬತ್ತು. ನಿಮ್ಮ ಮನೆಯವರಿಗೆ ಸಾಕು. ತಾಯಿಯವರ ಮಂಚ ಆರೂಕಾಲು, ಈ ಗೋಡೆಗೆ ಸರಿಹೊಂದುತ್ತೆ."

"ಕತ್ತಲು ಜಾಸ್ತಿ" ಎನ್ನುತ್ತಿದ್ದ ಚಿಕ್ಕಪ್ಪ.

"ಕಿಟಕಿ ತೆಗೀರಿ!"

"ಬೆಳಕು ಜಾಸ್ತಿ."

ಮನೆ ತೋರಿಸುವವರು ಗೊಂದಲಕ್ಕೆ ಬಿದ್ದು, "ನಿಮ್ಮಿಬ್ಬರಲ್ಲಿ ಇರೋರು ಯಾರು?" ಎಂದು ಕೇಳುತ್ತಿದ್ದರು. ಸಾಹೇಬರು ಚಿಕ್ಕಪ್ಪನ ಕಡೆ, ಚಿಕ್ಕಪ್ಪ ಸಾಹೇಬರ ಕಡೆ ಬೆರಳು ತೋರಿಸುತ್ತಿದ್ದರು.

ನಾಲ್ಕು ಭಾನುವಾರ ಹೀಗೆ ಕಳೆಯಿತು. ಚಿಕ್ಕಮ್ಮ ಗೋಣಿಚೀಲದಿಂದ ಪಾತ್ರೆಗಳನ್ನು ಹೊರಗೂ ತೆಗೆಯಲಿಲ್ಲ, ಉಳಿದವನ್ನು ಒಳಗೂ ಹಾಕಲಿಲ್ಲ. "ನಾನು ಇರ್ತೀನೋ ಹೋಗ್ತೀನೋ ಅಂತ ನನ್ನ ಬಾಣಲೆಗೆ ಗೊತ್ತಾಗ್ತಿಲ್ಲ" ಎನ್ನುತ್ತಿದ್ದಳು. ಯಾರೂ ಅವಳಿಗೆ ಉತ್ತರ ಕೊಡುತ್ತಿರಲಿಲ್ಲ. ಗಂಡಸರು ಡಿಕ್ರಿಯಲ್ಲಿ ಮುಳುಗಿದ್ದರು.

ಐದನೇ ವಾರ ಅಂಗಡಿಗೆ ಒಬ್ಬ ಟೈಲರಮ್ಮ ಬಂದಳು. ಕುತ್ತಿಗೆಗೆ ಟೇಪು, ಕಣ್ಣು ಕೆಂಪಗೆ ಊದಿಕೊಂಡಿತ್ತು. ಮೂರು ಹಾಳೆ ಚಾಚಿ, "ಇದರ ಎರಡು ಪ್ರತಿ ಬೇಕು, ಅಣ್ಣ. ಮತ್ತೆ ಕೇಸು ಹಾಕ್ಬೇಕು" ಅಂದಳು. ಅವತ್ತು ನಾನು ಚಿಕ್ಕಪ್ಪನಿಗೆ ಊಟದ ಡಬ್ಬಿ ತಂದಿದ್ದೆ. ಅವಳು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದವಳಂತೆ ಇದ್ದಳು. ಚಿಕ್ಕಪ್ಪ ಕೇಳಿದ.

"ನಮ್ಮೋರು ಲಿಫ್ಟ್ ರಿಪೇರಿ ಮಾಡ್ತಾರೆ. ಅತ್ತೆ ವಿಷಯಕ್ಕೆ ಜಗಳ ಆಗಿ ಅವರ ಅಕ್ಕನ ಮನೇಗೆ ಹೋಗಿ ಕೂತಿದ್ರು. ವಾಪಸ್ ಕಳಿಸಿ ಅಂತ ನಾನೇ ಕೋರ್ಟಿಗೆ ಹೋದೆ. ರಾಜಿ ಆಯ್ತು, ಬಂದ್ರು. ಬಂದವರೇ ಗೋಡೆಗೆಲ್ಲ ಸುಣ್ಣ ಬಳಿಯೋಕೆ ನಿಂತ್ರು, ಅಣ್ಣ. ಎಲ್ಲಾ ನಲ್ಲಿ ಸರಿ ಮಾಡಿದ್ರು. ನಾನು, ನನ್ನ ಮೇಲೆ ಎಷ್ಟು ಪ್ರೀತಿ ಬಂದ್ಬಿಟ್ಟಿದೆ ಅಂತ ಹಿಗ್ಗಿಹೋದೆ. ತೊಂಬತ್ತನೇ ದಿನ ಬೆಳಿಗ್ಗೆ ಬೀಗದ ಕೈ ನನ್ನ ಕೈಗೆ ಕೊಟ್ಟು, ಕೊಟ್ಟಿದ್ದಕ್ಕೆ ಚೀಟಿ ಬರೆಸ್ಕೊಂಡು, ಅತ್ಕೊಂಡು ಹೊರಟುಹೋದ್ರು."

"ಯಾಕೆ?"

"ಕೇಳಿದ್ದಕ್ಕೆ, 'ನೀನೇ ತಾನೆ ಸಹಿ ಹಾಕಿದ್ದು' ಅಂದ್ರು. ಮೊದಲೇ ಕಾನೂನಿಗೆ ಹೆದರೋ ಮನುಷ್ಯ. ಲಿಫ್ಟಲ್ಲಿ 'ಆರು ಜನ' ಅಂತ ಬರೆದಿದ್ರೆ ಐದು ಜನ ಆದ ಕೂಡ್ಲೇ ತಾವು ಇಳಿದುಬಿಡ್ತಾರೆ."

ಚಿಕ್ಕಪ್ಪ ಮೊದಲ ಹಾಳೆಯನ್ನು ಗಾಜಿನ ಮೇಲಿಟ್ಟ. ಬೆಳಕು ಹೋಯಿತು, ಬಂತು. ಎರಡನೇ ಹಾಳೆ ಎತ್ತಿಕೊಂಡ. ಆಮೇಲೆ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ತಾನು ಪ್ರತಿ ತೆಗೆಯುತ್ತಿದ್ದ ಕಾಗದವನ್ನು ಓದಿದ.

ಷರತ್ತು ನಾಲ್ಕು: ಎರಡನೇ ಪಾರ್ಟಿಯವರು ತೊಂಬತ್ತು ದಿನದೊಳಗೆ ಮನೆಯನ್ನು ಖಾಲಿ ಮಾಡತಕ್ಕದ್ದು. ಐದು: ಬೀಗದ ಕೈಯನ್ನು ಚೀಟಿ ಪಡೆದು ಒಪ್ಪಿಸತಕ್ಕದ್ದು. ಆರು: ಸುಣ್ಣ, ನಲ್ಲಿ. ಎಂಟು: ಆನಂತರ ಎರಡನೇ ಪಾರ್ಟಿಯವರಿಗೆ ಸದರಿ ಮನೆಯ ಮೇಲಾಗಲಿ, ಒಂದನೇ ಪಾರ್ಟಿಯವರ ಮೇಲಾಗಲಿ ಯಾವ ಹಕ್ಕೂ ಇರತಕ್ಕದ್ದಲ್ಲ.

"ಚಿಕ್ಕಪ್ಪ, ಮುಚ್ಚಳ ಹಾಕು" ಎಂದೆ. ಅವನು ಬಾಯಿ ಮುಚ್ಚಿದ. ಯಂತ್ರದ ಮುಚ್ಚಳ ಹಾಗೇ ಇತ್ತು.

ಮನೆಗೆ ಬಂದು ಅಜ್ಜಿಗೆ ಹೇಳಿದ. ಅಜ್ಜಿ, "ಪಾಪ, ಆ ಹುಡುಗ ನಮ್ಮ ಮನೆಯ ಸುಣ್ಣ ಅವನ ಮನೆಗೆ ಬಳಿದನಲ್ಲೋ" ಅಂದಳು.

"ನಾನು ತಪ್ಪಾಯ್ತು ಅಂತ ಒಪ್ಪಿಕೊಂಡ್ರೆ ನಾವು ಬೀದಿಗೆ, ಅಮ್ಮಾ. ನಮ್ಮ ತೊಂಬತ್ತು ದಿನ ಆಗ್ಲೇ ಮುಗಿದುಹೋಗಿದೆ."

"ಒಪ್ಪಿಕೊಳ್ಳದೇ ಇದ್ರೆ?"

"ಅವರಿಬ್ಬರ ಸಂಸಾರ ಬೀದಿಗೆ."

"ಹಾಗಾದ್ರೆ ನಿನಗೆ ಗೊತ್ತಲ್ಲ" ಅಂದಳು ಅಜ್ಜಿ. ಚಿಕ್ಕಮ್ಮ ಬಾಣಲೆಯನ್ನು ಗೋಣಿಚೀಲಕ್ಕೆ ಹಾಕಿದಳು.

ಕೋರ್ಟಿನಲ್ಲಿ ನಾಲ್ಕು ಪಾರ್ಟಿಗಳೂ ಸಾಲಾಗಿ ನಿಂತರು. ಲಿಫ್ಟ್ ರಿಪೇರಿಯವನು ಹೆಂಡತಿಯಿಂದ ಮೂರಡಿ ದೂರ ನಿಂತಿದ್ದ. ಡಿಕ್ರಿಯ ಪ್ರಕಾರ ಅವಳ ಮೇಲೆ ಅವನಿಗೆ ಹಕ್ಕಿರಲಿಲ್ಲ. ಜಡ್ಜರು ಎರಡು ಪುಟಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ನಾಲ್ಕೂ ಜನ ಒಪ್ಪಿದ್ರೆ ಪುಟಗಳನ್ನ ಅವರವರ ಜಾಗಕ್ಕೆ ಕಳಿಸ್ತೀನಿ. ಒಬ್ಬರು ಒಪ್ಪದೇ ಇದ್ರೂ ಡಿಕ್ರಿ ಇದ್ದ ಹಾಗೇ ಇರುತ್ತೆ. ಜೆರಾಕ್ಸ್ ಅಂಗಡಿಯವರೇ, ಹಿಂದೆ ನೀವು ಯೋಚನೆ ಮಾಡಿಯೇ ಸಹಿ ಹಾಕಿದ್ದು ಅಂದಿದ್ರಿ."

ಚಿಕ್ಕಪ್ಪ ಟೈಲರಮ್ಮನ ಕಡೆ ನೋಡಿದ. ನಮ್ಮ ಕಡೆ ನೋಡಿದ. "ಓದಿರ್ಲಿಲ್ಲ, ಸ್ವಾಮಿ" ಅಂದ. "ನಾನು ಯಾವುದನ್ನೂ ಓದಿಲ್ಲ. ಫ್ಯಾನು ಹಾಕಿದ್ದು ನಾನೇ. ತಪ್ಪು ನನ್ನದು. ಒಪ್ಪಿಗೆ."

ಅಳತೆ ಸಾಹೇಬರಿಗೆ ಹಿಗ್ಗಬೇಕೋ ಬೇಡವೋ ತಿಳಿಯಲಿಲ್ಲ. ಬಾಯಿ ಅಗಲವಾಯಿತು, ಹುಬ್ಬು ಗಂಟಾಯಿತು. ಲಿಫ್ಟ್ ರಿಪೇರಿಯವನು ಮೂರಡಿಯನ್ನು ಒಂದೇ ಹೆಜ್ಜೆಯಲ್ಲಿ ದಾಟಿ, "ದಿನ ಹೇಗಿತ್ತು?" ಎಂದು ಹೆಂಡತಿಯನ್ನು ಕೇಳಿದ. ಅವಳು ಅಲ್ಲೇ ಗೋಳೋ ಎಂದು ಅತ್ತು, "ಹೊರಗೆ ಬನ್ನಿ, ಹೇಳ್ತೀನಿ" ಎಂದು ಎಳೆದುಕೊಂಡು ಹೋದಳು.

"ಹಾಗಾದ್ರೆ ಎರಡನೇ ಪಾರ್ಟಿ ಮನೆ ಖಾಲಿ ಮಾಡಬೇಕು" ಎಂದು ಜಡ್ಜರು ಬರೆಯತೊಡಗಿದರು. "ಎಲ್ಲಿಗೆ ಹೋಗ್ತೀರಿ?"

ಚಿಕ್ಕಪ್ಪ ಕಿಟಕಿಯಿಂದ ರಸ್ತೆಯಾಚೆಯ ತನ್ನ ಅಂಗಡಿಯ ತಗಡು ನೋಡಿದ. ಆಗ ಹಿಂದಿನ ಬೆಂಚಿನಿಂದ ಚಿಕ್ಕಮ್ಮ ಎದ್ದು ನಿಂತಳು.

"ಸ್ವಾಮಿ, ಒಂದು ಮಾತು. ಸಾಹೇಬ್ರಿಗೆ ಕೆಳಗಿನ ಮನೆ ಬೇಕು. ಅವರು ಕೆಳಗೆ ಬಂದ್ರೆ ಮೇಲಿಂದು ಖಾಲಿ ಆಗುತ್ತಲ್ಲ. ನಮಗೊಂದು ಮನೆ ಬೇಕು. ನಾವು ಮೇಲಕ್ಕೆ ಹೋದ್ರೆ ಏನು?"

ಲಾಯರಮ್ಮ ಜಡ್ಜರನ್ನು ನೋಡಿದರು. ಜಡ್ಜರು ಸಾಹೇಬರನ್ನು ನೋಡಿದರು. ಸಾಹೇಬರು ಕೈಯಲ್ಲಿದ್ದ ಟೇಪನ್ನು ಎಳೆದು, ಬಿಟ್ಟು, ಮತ್ತೆ ಎಳೆದರು.

"ಒಂದೂವರೆ ವರ್ಷದಿಂದ ಇದನ್ನ ಯಾಕಮ್ಮ ಹೇಳಲಿಲ್ಲ?" ಎಂದರು ಜಡ್ಜರು.

"ನಾನು ಯಾವ ಪಾರ್ಟಿಯೂ ಅಲ್ವಲ್ಲ, ಸ್ವಾಮಿ. ಯಾರೂ ಕೇಳ್ಲಿಲ್ಲ."

ಹೊಸ ರಾಜಿ ಪತ್ರವನ್ನು ಅಲ್ಲೇ, ಕೈಯಲ್ಲೇ, ಒಂದೇ ಹಾಳೆಯಲ್ಲಿ ಬರೆಸಿದರು. ಪಿನ್ನಿಗೆ ಅವಕಾಶವಿರಲಿಲ್ಲ. ಓದದೆ ಯಾರೂ ಸಹಿ ಹಾಕಬಾರದು ಎಂದು ಜಡ್ಜರ ಅಪ್ಪಣೆಯಾಯಿತು. ಸಾಹೇಬರು ಬೆರಳಿಟ್ಟು ಓದಿದರು. ಚಿಕ್ಕಪ್ಪ ಏಳು ಸಲ ಓದಿದ, ಅದರಲ್ಲಿ ಎರಡು ಸಲ ಜೋರಾಗಿ. ಲಾಯರಮ್ಮ ಓದಿದರು. ಜಡ್ಜರು ಊಟಕ್ಕೆ ಹೋಗಿ ಬಂದಾಗ ಅಮೀನ ಓದುತ್ತಿದ್ದ. ಎರಡನೇ ಪಾರ್ಟಿಯು ಹೆಂಡತಿ, ಅಣ್ಣನ ಮಗಳು ಹಾಗೂ ಸಾಮಾನುಗಳ ಸಮೇತ ಮೇಲಿನ ಮನೆಗೆ ಹೋಗತಕ್ಕದ್ದು. ಕೆಳಗಿನ ಮನೆಯನ್ನು ಒಂದನೇ ಪಾರ್ಟಿಗೆ ಖಾಲಿ ಸ್ವಾಧೀನ ಕೊಡತಕ್ಕದ್ದು. ಒಂದಕ್ಷರ ತಪ್ಪಿರಲಿಲ್ಲ.

ಮೂರು ದಿನದ ನಂತರ ಅಮೀನ ಜಾರಿಗೆ ಬಂದ. ಬೆಳಗಿನಿಂದ ಸಾಮಾನು ಹತ್ತುತ್ತಿತ್ತು, ಇಳಿಯುತ್ತಿತ್ತು. ಮೆಟ್ಟಿಲ ಮಧ್ಯೆ ನಮ್ಮ ಬೀರುವೂ ಸಾಹೇಬರ ಬೀರುವೂ ಎದುರಾಗಿ ಒಂದು ಗಂಟೆ ನಿಂತಿದ್ದವು. ಸಾಹೇಬರು ಯಾವುದು ಎಷ್ಟು ಡಿಗ್ರಿ ತಿರುಗಬೇಕು ಎಂದು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಚಿಕ್ಕಮ್ಮ ಎರಡನ್ನೂ ತಿರುಗಿಸಿದ್ದಳು. ಕೊನೆಗೆ ಅಮೀನ ಬಾಗಿಲಲ್ಲಿ ನಿಂತು ಒಳಗೆ ನೋಡಿದ.

"ಮನೆ ಖಾಲಿ ಇಲ್ಲ."

ನಡುಮನೆಯಲ್ಲಿ ಮಂಚ ಇತ್ತು. ಮಂಚದ ಮೇಲೆ ಅಜ್ಜಿ ಇದ್ದಳು.

"ಅಮ್ಮಾ, ಏಳು, ಮೇಲೆ ಹೋಗೋಣ" ಅಂದ ಚಿಕ್ಕಪ್ಪ.

"ಕಾಗದದಲ್ಲಿ ನನ್ನ ಹೆಸರು ಇದೆಯೇನೋ?"

ಎಲ್ಲರೂ ಆ ಒಂದೇ ಹಾಳೆಯ ಮೇಲೆ ಮುಗಿಬಿದ್ದರು. ಹೆಂಡತಿ ಇದ್ದಳು. ಅಣ್ಣನ ಮಗಳು ಇದ್ದಳು. ಅಷ್ಟು ಜನ ಅಷ್ಟು ಸಲ ಓದಿದ್ದರು, ಬರೆದದ್ದನ್ನೆಲ್ಲ ಕಂಡಿದ್ದರು. ಬರೆಯದೇ ಬಿಟ್ಟದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಸಾಮಾನುಗಳು ಅಂತ ಇದೆಯಲ್ಲ, ಅದರಲ್ಲಿ ಸೇರಿಸಿಬಿಟ್ರೆ?" ಎಂದು ಅರ್ಧ ಲಾಯರು ಮೆಲ್ಲಗೆ ಕೇಳಿದ. ಅಜ್ಜಿ ಅವನನ್ನು ಒಂದು ಸಲ ನೋಡಿದಳು. ಅವನು ಮೇಲಿನ ಮನೆಯಲ್ಲಿ ಏನೋ ಕೆಲಸ ನೆನಪಾಗಿ ಮೆಟ್ಟಿಲು ಹತ್ತಿಬಿಟ್ಟ.

"ಕಾಗದದಲ್ಲಿ ಇಲ್ದೋರನ್ನ ಹೊರಗೆ ಕಳಿಸೋ ಅಧಿಕಾರ ನನಗಿಲ್ಲ" ಎಂದ ಅಮೀನ.

"ಇದು ನನ್ನ ಮನೆ!" ಎಂದರು ಸಾಹೇಬರು ಹೊಸ್ತಿಲಲ್ಲಿ ನಿಂತು.

"ನಿನ್ನದೇ ಕಣಪ್ಪಾ, ಯಾರು ಅಲ್ಲ ಅಂದ್ರು?" ಅಂದಳು ಅಜ್ಜಿ. "ಹದಿನೇಳು ಮೆಟ್ಟಿಲು ಹತ್ತೋಕಾಗಲ್ಲ ಅಂತ ಕೋರ್ಟಲ್ಲಿ ಹೇಳ್ದೋನು ನೀನು. ನನಗಿಂತ ಎಂಟು ವರ್ಷ ಚಿಕ್ಕೋನು. ನಿನ್ನ ಮಂಡಿ ಮಾತ್ರ ಮಂಡಿ, ನನ್ನದೇನು ಮರದ ತುಂಡಾ?"

ಸಾಹೇಬರ ಇಡೀ ಕೇಸೇ ಮಂಡಿಯ ಮೇಲೆ ನಿಂತಿತ್ತು. ಅವರು ಒಳಗೆ ಬಂದರು. ನಡುಮನೆಯನ್ನು ಉದ್ದಕ್ಕೆ ಅಳೆದರು, ಅಡ್ಡಕ್ಕೆ ಅಳೆದರು. ಜೇಬಿನಿಂದ ಸೀಮೆಸುಣ್ಣ ತೆಗೆದರು.

"ಸರಿ. ಇಲ್ಲಿಂದ ಒಂದು ಗೆರೆ ಎಳೀತೀನಿ. ಗೆರೆಯ ಆ ಕಡೆ ನೀವು, ಈ ಕಡೆ ನಾನು. ಯಾರೂ ದಾಟಬಾರದು."

"ಆಗ್ಲಿ" ಅಂದಳು ಅಜ್ಜಿ. "ಅಡುಗೆಮನೆ ಯಾವ ಕಡೆ ಬರುತ್ತೆ ನೋಡ್ಕೊಂಡು ಎಳಿ. ಬೆಳಿಗ್ಗೆ ಕಾಫಿ ಮಾಡೋಳು ನಾನು."

ಸಾಹೇಬರು ಬಗ್ಗಿದವರು ಹಾಗೇ ನಿಂತರು. ಅಡುಗೆಮನೆಯ ಬಾಗಿಲು ನೋಡಿದರು. ಅಜ್ಜಿಯನ್ನು ನೋಡಿದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದು, ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು.

ಅಮೀನ ಗೋಡೆಗೆ ಹಾಳೆ ಒತ್ತಿ ವರದಿ ಬರೆದ. ಅದರ ಪ್ರತಿ ತೆಗೆದದ್ದು ನಮ್ಮ ಅಂಗಡಿಯಲ್ಲೇ ಆದ್ದರಿಂದ ಮತ್ತು ಚಿಕ್ಕಪ್ಪ ಈಗ ಎಲ್ಲವನ್ನೂ ಓದುವುದರಿಂದ, ಅದರಲ್ಲಿ ಏನಿತ್ತು ಎಂದು ನನಗೆ ಗೊತ್ತು:

"ಕೆಳಗಿನ ಮನೆಯನ್ನು ಒಂದನೇ ಪಾರ್ಟಿಯವರ ಸ್ವಾಧೀನಕ್ಕೆ ಕೊಡಲಾಯಿತು. ಒಂದನೇ ಪಾರ್ಟಿಯವರನ್ನು ಅಜ್ಜಿಯ ಸ್ವಾಧೀನಕ್ಕೆ ಕೊಡಲಾಯಿತು. ಯಾರ ತಕರಾರೂ ಇರುವುದಿಲ್ಲ."